ಓದುಗರ ಪ್ರಶ್ನೆ: ನಮ್ಮ ಓಣಿಯ ಕೆಳಗೆ ಗ್ಯಾಸ್

ಈಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗ್ಯಾಸ್ ವಿಷಯದ್ದೇ ಜಾಸ್ತಿ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಪೈಪ್ ಹಾಕಲು ರಸ್ತೆ ಅಗೆಯುತ್ತಿದ್ದಾರೆ, ಅದೊಂದು ಕಾರಣ. ಬೇರೆ ದೇಶದಲ್ಲಿ ಮನೆಗಳ ನಡುವೆಯೇ ಗ್ಯಾಸ್ ಬಾವಿ ಕೊರೆಯುವ ವಿಡಿಯೊಗಳು ಮೊಬೈಲ್‌ನಲ್ಲಿ ಓಡಾಡುತ್ತಿವೆ, ಅದಿನ್ನೊಂದು. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಲೇಔಟ್‌ನಲ್ಲಿ ಬೋರ್‌ವೆಲ್ ಕೊರೆಸಿದಾಗ ಕೊಳೆತ ಮೊಟ್ಟೆ ವಾಸನೆ ಬಂತು. ಕೆಳಗೆ ಗ್ಯಾಸ್ ನಿಕ್ಷೇಪ ಇದೆ, ನಾಳೆ ಯಾರಾದರೂ ಬಂದು ಜಾಗ ಬಿಡಿಸುತ್ತಾರೆ ಅಂತ ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ಹುಬ್ಬಳ್ಳಿ ಕೆಳಗೆ ನಿಜವಾಗಿಯೂ ಗ್ಯಾಸ್ ಇದೆಯಾ?
— ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಇಲ್ಲ, ನಿಶ್ಚಿಂತೆಯಿಂದ ಮಲಗಿ. ನೈಸರ್ಗಿಕ ಅನಿಲ ಹುಟ್ಟಬೇಕಾದರೆ ಹಳೆಯ ಕಾಲದ ಸಮುದ್ರದ ತಳದಲ್ಲೋ ನದಿ ಕಡಲು ಸೇರುವ ಜಾಗದಲ್ಲೋ ಸತ್ತ ಜೀವಿಗಳು, ಗಿಡಗಂಟಿಗಳು ಕೆಸರಿನ ಜೊತೆ ಪದರ ಪದರವಾಗಿ ಹೂತುಹೋಗಬೇಕು, ಆಮೇಲೆ ಕೋಟ್ಯಂತರ ವರ್ಷ ಬಿಸಿಗೆ, ಒತ್ತಡಕ್ಕೆ ಸಿಕ್ಕಿರಬೇಕು. ಹುಟ್ಟಿದ ಗ್ಯಾಸ್ ಮೇಲೆ ಹೋಗದಂತೆ ತಡೆಯುವ ಬಿಗಿಯಾದ ಕಲ್ಲಿನ ಮುಚ್ಚಿಗೆಯೂ ಬೇಕು. ನಮ್ಮ ನೆಲ ಅಂಥದ್ದಲ್ಲ. ಭೂವಿಜ್ಞಾನಿಗಳು ನಮ್ಮ ಧಾರವಾಡದ ಹೆಸರನ್ನೇ ಇಟ್ಟು ಕರೆಯುವ ಈ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಭೂಮಿಯ ಮೇಲೆ ಗಿಡಮರ ಅನ್ನುವುದು ಹುಟ್ಟುವ ಎಷ್ಟೋ ಮೊದಲೇ ಕಾದು, ಮಡಚಿಕೊಂಡು, ಗಟ್ಟಿಯಾದ ಕಲ್ಲು ಇದು. ಇದರಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಸಿಗಬಹುದು. ಗದಗದ ಕಪ್ಪತಗುಡ್ಡದ ಹೋರಾಟ ನಡೆದದ್ದೂ ಗಣಿ ಬೇಡ ಅಂತಲೇ, ಅಲ್ವಾ? ಗ್ಯಾಸ್ ಸಿಗುವುದು ಮುಂಬೈ ಕಡಲಿನಲ್ಲಿ, ಕೃಷ್ಣಾ-ಗೋದಾವರಿ ಸಮುದ್ರ ಸೇರುವ ಕಡೆ, ಅಸ್ಸಾಂ, ತ್ರಿಪುರ, ಗುಜರಾತ್, ರಾಜಸ್ಥಾನದಲ್ಲಿ.

ಆದರೆ ನಿಮ್ಮ ಬೋರ್‌ವೆಲ್ ವಾಸನೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಹೈಡ್ರೋಜನ್ ಸಲ್ಫೈಡ್. ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಬರಬಹುದು, ಇಲ್ಲವೇ ಹತ್ತಿರದ ಸೆಪ್ಟಿಕ್ ಗುಂಡಿಯ ನೀರು ಬೋರ್‌ವೆಲ್‌ಗೆ ಇಳಿಯುತ್ತಿರಬಹುದು. ನೀರು ಪರೀಕ್ಷೆ ಮಾಡಿಸುವ ತನಕ ಕುಡಿಯಬೇಡಿ. ಇನ್ನೊಂದು ಮಾತು. ನಮ್ಮ ಊರಲ್ಲಿ ನೆಲದ ಕೆಳಗೆ ತಾನಾಗಿಯೇ ಹುಟ್ಟುವ ಮೀಥೇನ್ (ನೈಸರ್ಗಿಕ ಅನಿಲದಲ್ಲಿ ಬಹುಪಾಲು ಇರುವುದೂ ಇದೇ) ಇರುವುದು ಸೆಪ್ಟಿಕ್ ಟ್ಯಾಂಕ್‌ನಲ್ಲಿ, ಮ್ಯಾನ್‌ಹೋಲ್‌ನಲ್ಲಿ. ಅಲ್ಲಿ ಮೀಥೇನ್ ಜೊತೆ ಈ ಹೈಡ್ರೋಜನ್ ಸಲ್ಫೈಡ್ ಕೂಡ ಸೇರಿರುತ್ತದೆ. ಅದು ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಇಳಿದವನು ಮೂರು ಉಸಿರಿನಲ್ಲಿ ಕುಸಿಯುತ್ತಾನೆ, ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಇಳಿಸುವವರು ಇದ್ದಾರೆ. ದಯವಿಟ್ಟು ಯಾರನ್ನೂ ಇಳಿಸಬೇಡಿ, ಸಕ್ಕಿಂಗ್ ಮಷಿನ್ ಕರೆಸಿ. ಗಾಳಿ ಇದೆಯೋ ಇಲ್ಲವೋ ನೋಡಲು ದೀಪ ಇಳಿಸುವ ಹಳೇ ರೂಢಿಯಂತೂ ಬೇಡವೇ ಬೇಡ, ಮೀಥೇನ್ ಇದ್ದರೆ ಆ ದೀಪವೇ ಸಿಡಿಸುತ್ತದೆ.

ಪ್ರಶ್ನೆ: ಜನವಸತಿ ನಡುವೆ ಗ್ಯಾಸ್ ತೆಗೆದ ಊರುಗಳಲ್ಲಿ ಕೊನೆಗೆ ಏನಾಯಿತು? ನಿಜವಾದ ಅಪಾಯವೋ, ಸುಮ್ನೆ ಭಯವೋ? ನಮ್ಮ ಕಾಲೇಜಿನಲ್ಲಿ ಇದರ ಬಗ್ಗೆ ಚರ್ಚೆ ಇದೆ.
— ವಿದ್ಯಾರ್ಥಿನಿ, ಧಾರವಾಡ

ಅಪಾಯ ನಿಜ. ಆದರೆ ವಿಡಿಯೊಗಳಲ್ಲಿ ತೋರಿಸುವಂಥ ದೊಡ್ಡ ಸ್ಫೋಟ ಒಂದೇ ಅಪಾಯ ಅಂದುಕೊಂಡರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ನಿಮ್ಮ ಚರ್ಚೆಗೆ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ಕಥೆ ತೆಗೆದುಕೊಳ್ಳಿ, ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಲ್ಲಿ 1959ರಲ್ಲಿ ಗ್ಯಾಸ್ ಸಿಕ್ಕಿತು. ಯುರೋಪಿನಲ್ಲೇ ಅತಿ ದೊಡ್ಡ ನಿಕ್ಷೇಪಗಳಲ್ಲಿ ಒಂದು. 1963ರಿಂದ ತೆಗೆಯಲು ಶುರು ಮಾಡಿದರು. ಸುಮಾರು 3 ಕಿ.ಮೀ. ಆಳದಲ್ಲಿ ಮರಳುಗಲ್ಲು, ಅದರ ಸಣ್ಣ ಸಣ್ಣ ಸಂದುಗಳಲ್ಲಿ ಗ್ಯಾಸ್. ಮೇಲಿರುವ ಅಷ್ಟೂ ನೆಲದ ಭಾರವನ್ನು ಕಲ್ಲಿನ ಜೊತೆ ಆ ಗ್ಯಾಸಿನ ಒತ್ತಡವೂ ಹೊತ್ತುಕೊಂಡಿತ್ತು. ಗ್ಯಾಸ್ ತೆಗೆದಂತೆ ಒತ್ತಡ ಇಳಿಯಿತು, ಹಳೇ ಹತ್ತಿ ಗಾದಿ ಕೂತುಕೊಂಡಂತೆ ಕಲ್ಲು ಕೂತುಕೊಂಡಿತು. ಎಲ್ಲ ಕಡೆ ಒಂದೇ ಸಮ ಕೂತಿದ್ದರೆ ನೆಲ ಸ್ವಲ್ಪ ತಗ್ಗಾಗಿ ಸುಮ್ಮನಾಗುತ್ತಿತ್ತೇನೋ. ಆದರೆ ಆ ಕಲ್ಲಿನಲ್ಲಿ ಹಳೆಯ ಸೀಳುಗಳಿದ್ದವು, ಒಂದು ಪಕ್ಕ ಹೆಚ್ಚು ಕೂತು ಇನ್ನೊಂದು ಪಕ್ಕ ಕಡಿಮೆ ಕೂತಾಗ ಸೀಳು ಜಾರಿತು, ನೆಲ ನಡುಗಿತು. ತಮ್ಮ ಜೀವಮಾನದಲ್ಲಿ ಭೂಕಂಪ ಕಂಡಿರದ ಜನ ಅವರು. 2012ರ ಆಗಸ್ಟ್ 16ರಂದು ಹೌಜಿಂಗೆ ಅನ್ನುವ ಹಳ್ಳಿಯ ಹತ್ತಿರ 3.6 ತೀವ್ರತೆಯ ಕಂಪನ ಆಯಿತು. ಸಂಖ್ಯೆ ಸಣ್ಣದು, ಆದರೆ ಆಳ ಕಡಿಮೆ ಇದ್ದದ್ದರಿಂದ ಮೇಲೆ ಹೊಡೆತ ಜೋರಾಗಿ ಬಿತ್ತು. ಇಟ್ಟಿಗೆ ಮನೆಗಳು, ಹಳೇ ಚರ್ಚುಗಳು, ಹೊಲದ ಕೊಟ್ಟಿಗೆಗಳು ಬಿರುಕು ಬಿಟ್ಟವು. ಸಾವಿರಾರು ಮನೆಗಳನ್ನು ಗಟ್ಟಿ ಮಾಡಿಸಬೇಕಾಯಿತು.

ಈಗ ಇದನ್ನು ನಮ್ಮ ಕಡೆಯ ಕಣ್ಣಿನಿಂದ ನೋಡಿ. ನವಲಗುಂದ, ಅಣ್ಣಿಗೇರಿ, ನರಗುಂದದ ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಬಿರುಕು ಹೊಸದಲ್ಲ. ಬೇಸಿಗೆಯಲ್ಲಿ ಹೊಲ ಬಾಯಿ ಬಿಟ್ಟರೆ ಆ ಸೀಳಿನಲ್ಲಿ ಅಂಗೈ ಇಳಿಯುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಪಾಯವನ್ನು ಮೇಲಕ್ಕೆ ಒತ್ತುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿಗೆ ಯುಗಾದಿ ಮುಂದೆ ಸಿಮೆಂಟ್ ತುಂಬಿ ಸುಣ್ಣ ಹಚ್ಚಿದರೆ ದೀಪಾವಳಿ ಹೊತ್ತಿಗೆ ಅದೇ ಗೆರೆ ಮತ್ತೆ ಕಾಣುತ್ತದೆ. ಅಂಥ ಊರಿನ ಪಕ್ಕ ಯಾರಾದರೂ ನೆಲದಿಂದ ಏನನ್ನಾದರೂ ತೆಗೆಯುತ್ತಿದ್ದಾರೆ ಅಂದುಕೊಳ್ಳಿ. ನೀವು ಹೋಗಿ ಗೋಡೆ ಒಡೆದಿದೆ ಅಂದರೆ ಅವರ ಮೊದಲ ಮಾತು ಏನಿರುತ್ತದೆ? 'ನಿಮ್ಮ ಗೋಡೆ ಮೊದಲೇ ಒಡೆದಿತ್ತು.' ಗ್ರೋನಿಂಗೆನ್‌ನಲ್ಲೂ ವರ್ಷಗಟ್ಟಲೆ ನಡೆದದ್ದು ಈ ಜಗಳವೇ. ಇದು ಮೆತ್ತಗಿನ ಮಣ್ಣು, ಇದು ಕೆಟ್ಟ ಪಾಯ, ಇದು ಹಳೇ ಮನೆ. ಒಬ್ಬ ಮನೆಯವನು ಮೂರು ಕಿ.ಮೀ. ಆಳದಲ್ಲಿ ನಡೆದದ್ದನ್ನು ಹೇಗೆ ಸಾಬೀತು ಮಾಡಬೇಕು ಹೇಳಿ! ಕೊನೆಗೆ ಅಲ್ಲಿನ ಸಂಸತ್ತು ಕಾನೂನನ್ನೇ ತಿರುಗಿಸಿತು. 2016ರ ಕೊನೆಯಿಂದ ಆ ಪ್ರದೇಶದಲ್ಲಿ ಇಂಥ ಬಿರುಕು ಕಂಡರೆ ಅದು ಗ್ಯಾಸ್ ತೆಗೆದದ್ದರಿಂದಲೇ ಅಂತ ಮೊದಲು ಒಪ್ಪಿಕೊಳ್ಳಬೇಕು, ಅಲ್ಲ ಅನ್ನುವುದಾದರೆ ಕಂಪನಿ ಸಾಬೀತು ಮಾಡಬೇಕು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಸುರಕ್ಷತಾ ಸಾಧನ ಇದೇ. 2023ರ ಅಕ್ಟೋಬರ್ 1ರಂದು ಅಲ್ಲಿ ಗ್ಯಾಸ್ ತೆಗೆಯುವುದು ನಿಂತಿತು, 2024ರಲ್ಲಿ ಶಾಶ್ವತವಾಗಿ ಮುಚ್ಚುವ ಕಾನೂನು ಬಂತು. ಕೆಳಗೆ ಇನ್ನೂ ಬೇಕಾದಷ್ಟು ಗ್ಯಾಸ್ ಇದೆ, ಆದರೂ ಮುಚ್ಚಿದರು.

ಇನ್ನೊಂದು ಉದಾಹರಣೆ ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿ ಅಲಿಸೊ ಕ್ಯಾನ್ಯನ್ ಅನ್ನುವ ಕಡೆ ಖಾಲಿಯಾದ ಹಳೇ ಎಣ್ಣೆ ನಿಕ್ಷೇಪದಲ್ಲೇ ಗ್ಯಾಸ್ ತುಂಬಿಡುತ್ತಾರೆ. 1950ರ ದಶಕದ ಒಂದು ಬಾವಿಯ ಉಕ್ಕಿನ ಕೊಳವೆ ತುಕ್ಕು ಹಿಡಿದು 2015ರ ಅಕ್ಟೋಬರ್‌ನಲ್ಲಿ ಒಡೆಯಿತು. ಕೆಳಗಿದ್ದ ಸುರಕ್ಷತಾ ವಾಲ್ವನ್ನು ದಶಕಗಳ ಹಿಂದೆಯೇ ತೆಗೆದುಹಾಕಿದ್ದರು, ಮತ್ತೆ ಹಾಕಿರಲಿಲ್ಲ. ಮುಚ್ಚಲು ಮರು ವರ್ಷದ ಫೆಬ್ರವರಿ ಬಂತು. ಅಷ್ಟರಲ್ಲಿ ಸುಮಾರು 1 ಲಕ್ಷ ಟನ್ ಮೀಥೇನ್ ಹೊರಗೆ ಹೋಗಿತ್ತು, ಪಕ್ಕದ ಪೋರ್ಟರ್ ರ‍್ಯಾಂಚ್ ಬಡಾವಣೆಯ ಸಾವಿರಾರು ಕುಟುಂಬ ತಲೆನೋವು, ಮೂಗಿನಲ್ಲಿ ರಕ್ತ ಅಂತ ಮನೆ ಬಿಟ್ಟು ಹೋಗಿದ್ದವು. ಬೆಂಕಿ ಬೀಳಲಿಲ್ಲ, ಸದ್ದಾಗಲಿಲ್ಲ. ಇಂಥವು ವಿಡಿಯೊದಲ್ಲಿ ಬರುವುದಿಲ್ಲ.

ಬಾವಿಗೂ ಮನೆಗೂ ಎಷ್ಟು ದೂರ ಇರಬೇಕು ಅನ್ನುವುದರಲ್ಲೂ ಒಂದು ಪಾಠ ಇದೆ. ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದ ನಿಯಮ 600 ಅಡಿ. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಕಾನೂನು 3,200 ಅಡಿ, ಹತ್ತಿರ ಹತ್ತಿರ ಒಂದು ಕಿ.ಮೀ. ವಿಜ್ಞಾನ ಎರಡೂ ಕಡೆ ಒಂದೇ, ಆದರೂ ಅಂತರ ಐದು ಪಟ್ಟು. ಅಂದರೆ ಅಂತರವನ್ನು ತೀರ್ಮಾನಿಸುವುದು ವಿಜ್ಞಾನ ಒಂದೇ ಅಲ್ಲ, ಅಲ್ಲಿ ವಾಸವಿರುವವರ ಮಾತಿಗೆ ಎಷ್ಟು ಬೆಲೆ ಇದೆ ಅನ್ನುವುದೂ ಹೌದು.

ನಮ್ಮ ದೇಶದಲ್ಲೂ ಇದೆ. ಬಂಗಾಳದ ಅಸನ್ಸೋಲ್ ಸುತ್ತ ಕಲ್ಲಿದ್ದಲ ಪದರದಿಂದ ಮೀಥೇನ್ ತೆಗೆಯುತ್ತಾರೆ, ಜನ ತುಂಬಿದ ಜಾಗ ಅದು. ಆಂಧ್ರದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರಲ್ಲಿ ಬಾವಿ ಹತೋಟಿ ತಪ್ಪಿ ಎರಡು ತಿಂಗಳಿಗೂ ಹೆಚ್ಚು ಉರಿಯಿತು. ಅಸ್ಸಾಂನ ಬಾಘಜಾನ್‌ನಲ್ಲಿ 2020ರ ಮೇ 27ರಂದು ಬಾವಿ ಬಾಯಿ ಬಿಟ್ಟು, ಜೂನ್ 9ರಂದು ಬೆಂಕಿ ಹತ್ತಿ, ಪೂರ್ತಿ ಆರಿಸುವಾಗ ನವೆಂಬರ್ ಆಗಿತ್ತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು, ಸಾವಿರಾರು ಜನ ಶಿಬಿರ ಸೇರಿದರು, ಪಕ್ಕದ ಮಾಗುರಿ-ಮೋಟಾಪುಂಗ್ ಜೌಗು ಹಾಳಾಯಿತು. ಈ ಎರಡೂ ಕಡೆ ಜನವಸತಿ ನಮ್ಮ ಹುಬ್ಬಳ್ಳಿಯಷ್ಟು ದಟ್ಟ ಇರಲಿಲ್ಲ ಅನ್ನುವುದನ್ನು ಚರ್ಚೆಯಲ್ಲಿ ಮರೆಯದೆ ಹೇಳಿ.

ಪ್ರಶ್ನೆ: ನಮ್ಮ ಹೊಲದ ಕೆಳಗೆ ದೊಡ್ಡ ಗ್ಯಾಸ್ ಪೈಪ್ ಹೋಗಿದೆ. ಅದರ ಮೇಲೆ ಕೃಷಿ ಹೊಂಡ ತೆಗೆಯಬಾರದು ಅಂತಾರೆ. ಹೊಲ ನಮ್ಮದು, ತಗ್ಗು ತೆಗೆಯಬೇಡ ಅನ್ನೋಕೆ ಅವರು ಯಾರು?
— ರೈತರು, ಗದಗ ಜಿಲ್ಲೆ

ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಹೊಂಡ ಮಾತ್ರ ತೆಗೆಯಬೇಡಿ. ಅದು ಕೇಂದ್ರ ಸರ್ಕಾರದ ಗ್ಯಾಸ್ ಕಂಪನಿ ಗೇಲ್‌ನ ದಾಭೋಲ್-ಬೆಂಗಳೂರು ಪೈಪ್‌ಲೈನ್ ಇರಬೇಕು. ಮಹಾರಾಷ್ಟ್ರದ ಕರಾವಳಿಯಿಂದ ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳನ್ನು ದಾಟಿ ಬೆಂಗಳೂರಿಗೆ ಹೋಗುತ್ತದೆ, 2013ರಲ್ಲಿ ಶುರುವಾಯಿತು. ಹುಬ್ಬಳ್ಳಿಯ ಒಲೆಗೆ ಬರುವ ಗ್ಯಾಸ್ ಹುಟ್ಟುವುದು ಎಲ್ಲೋ, ಆದರೆ ಬರುವುದು ನಿಮ್ಮಂಥವರ ಹೊಲದ ಕೆಳಗಿಂದಲೇ. ಇದನ್ನು ಪೇಟೆಯವರು ನೆನಪಿಡಬೇಕು.

ಕಾನೂನು 1962ರದ್ದು. ಅದರ ಪ್ರಕಾರ ಹೊಲ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಕೆಳಗೆ ಪೈಪ್ ಹಾಕಿ ಬಳಸುವ ಹಕ್ಕನ್ನು ಮಾತ್ರ ಅವರು ತೆಗೆದುಕೊಳ್ಳುತ್ತಾರೆ. ಶೇಂಗಾ, ಹತ್ತಿ, ಗೋವಿನಜೋಳ, ಹೆಸರು, ಏನು ಬೇಕಾದರೂ ಬೆಳೆಯಿರಿ. ಆದರೆ ಪೈಪ್‌ಗೆ ಅಂತ ಗುರುತಿಸಿದ ನೆಲದ ಪಟ್ಟಿಯೊಳಗೆ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ, ಹೊಂಡ ತೆಗೆಯುವಂತಿಲ್ಲ, ಮರ ನೆಡುವಂತಿಲ್ಲ. ಪರಿಹಾರ ಅಂತ ಕಾನೂನು ಹೇಳುವುದು ಆ ಪಟ್ಟಿಯ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10, ಬೆಳೆ ಮತ್ತು ಮರದ ನಷ್ಟ ಬೇರೆ. ಶೇ. 10 ತುಂಬಾ ಕಡಿಮೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಆ ಹೊಲ ಮಾರಲು ಹೋದಾಗ ಕೊಳ್ಳುವವನು ಮೊದಲು ಕೇಳುವುದೇ ಪೈಪ್ ಬಗ್ಗೆ. ಆದರೆ ಆ ಜಗಳವನ್ನು ಕಾಗದದಲ್ಲಿ ಮಾಡಿ, ಜೆಸಿಬಿಯಿಂದ ಬೇಡ.

ಪೈಪ್ ಮೇಲಿನ ನೆಲವನ್ನು ಆಗಾಗ ಗಮನಿಸಿ. ಸುತ್ತ ಹಸಿರಿದ್ದು ಒಂದು ಕಡೆ ಮಾತ್ರ ಪೈರು ಒಣಗಿದರೆ, ನಿಂತ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಗಾಳಿ ಇಲ್ಲದಾಗಲೂ ದೂಳು ಹಾರುತ್ತಿದ್ದರೆ, ಸುಯ್ ಅನ್ನುವ ಸದ್ದು ಕೇಳಿದರೆ ಅಲ್ಲಿಂದ ಗಾಳಿಗೆ ಎದುರಾಗಿ ದೂರ ಹೋಗಿ. ಬೀಡಿ ಹಚ್ಚಬೇಡಿ, ಟ್ರ್ಯಾಕ್ಟರ್ ಚಾಲು ಮಾಡಬೇಡಿ. ಬದುವಿನ ಮೇಲಿನ ಗುರುತಿನ ಕಂಬದಲ್ಲಿ ಫೋನ್ ನಂಬರ್ ಇರುತ್ತದೆ, ಈಗಲೇ ಮೊಬೈಲ್‌ಗೆ ಹಾಕಿಕೊಳ್ಳಿ. ಕಂಬ ಬಿದ್ದಿದ್ದರೆ, ನಂಬರ್ ಅಳಿಸಿದ್ದರೆ ಪಂಚಾಯಿತಿಯಿಂದ ಪತ್ರ ಹಾಕಿಸಿ. ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಆಂಧ್ರದ ನಗರಂ ಅನ್ನುವ ಊರಿನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಪೈಪ್‌ಲೈನ್ ಸೋರಿ ಬೆಂಕಿ ಹತ್ತಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣ ಗ್ಯಾಸ್‌ಗೆ ಅಂತ ಇದ್ದ ಕೊಳವೆಯಲ್ಲಿ ನೀರಿನಂಶ ಇದ್ದ ಗ್ಯಾಸ್ ಹರಿದು ಒಳಗೇ ತುಕ್ಕು ತಿಂದಿತ್ತು.

ಪ್ರಶ್ನೆ: ನಮ್ಮ ಓಣಿಗೆ ಪೈಪ್ ಗ್ಯಾಸ್ ಬರುತ್ತಿದೆ. ಮನೆಯಲ್ಲಿ ಅತ್ತೆ ಬೇಡವೇ ಬೇಡ ಅಂತಿದ್ದಾರೆ, ಸಿಲಿಂಡರ್ ಆದರೆ ಕಣ್ಣಿಗೆ ಕಾಣುತ್ತೆ, ಪೈಪ್ ಕಾಣಲ್ಲ ಅಂತ. ಯಾವುದು ಸುರಕ್ಷಿತ?
— ಗೃಹಿಣಿ, ನವನಗರ, ಹುಬ್ಬಳ್ಳಿ

ಅಡುಗೆಮನೆಯ ಮಟ್ಟಿಗೆ ಪೈಪ್ ಗ್ಯಾಸೇ ಮೇಲು. ಕಾರಣ ಎರಡು.

ಒಂದು, ತೂಕ. ಸಿಲಿಂಡರ್‌ನಲ್ಲಿರುವ ಎಲ್‌ಪಿಜಿ ಗಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಸೋರಿದರೆ ನೆಲಕ್ಕೆ ಇಳಿದು, ಹಾಸಿಗೆ ಹಾಸಿದ ಮಟ್ಟದಲ್ಲೇ ಹರಡಿಕೊಂಡು ಕೂರುತ್ತದೆ. ಕಿಟಕಿ ತೆರೆದಿದ್ದರೂ ಕಿಟಕಿಯ ಕೆಳಗೇ ಉಳಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಉಣಕಲ್ ಭಾಗದಲ್ಲಿ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದಾಗ ಸಿಲಿಂಡರ್ ಸೋರಿ ಬೆಂಕಿ ಹತ್ತಿದ್ದು, ಆಮೇಲೆ ಕಿಮ್ಸ್‌ನಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡದ್ದು ಈ ಊರಿಗೆ ಮರೆಯುವಂಥದ್ದಲ್ಲ. ಮಲಗುವ ಕೋಣೆಯಲ್ಲಿ ಸಿಲಿಂಡರ್ ಇಡಬೇಡಿ ಅಂತ ಹೇಳುವುದು ಇದಕ್ಕೇ. ಪೈಪ್‌ನಲ್ಲಿ ಬರುವುದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ, ಮೇಲೆ ತೆರಪು ಇದ್ದರೆ ಹೊರಗೆ ಹೋಗುತ್ತದೆ.

ಎರಡು, ಒತ್ತಡ. ಮನೆಯೊಳಗಿನ ಪೈಪ್‌ನಲ್ಲಿ ಹೊರಗಿನ ಗಾಳಿಗಿಂತ ಬರೀ 21 ಮಿಲಿಬಾರ್ ಒತ್ತಡ ಜಾಸ್ತಿ ಇರುತ್ತದೆ. ಅದು ಏನೂ ಅಲ್ಲ ಅನ್ನುವಷ್ಟು ಕಡಿಮೆ. ಸಿಲಿಂಡರ್‌ನಲ್ಲಿ ಇರುವುದು ಒತ್ತಿ ದ್ರವ ಮಾಡಿದ ಗ್ಯಾಸ್, ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಇಡೀ ರಾತ್ರಿಗೆ ಆಗುವಷ್ಟು ಬೆಂಕಿಯನ್ನು ಅಡುಗೆಮನೆ ಮೂಲೆಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದೇವೆ ಅಂತಾಯಿತು.

ಆದರೆ ನಿಮ್ಮ ಅತ್ತೆಯವರ ಮಾತಿನಲ್ಲೂ ಹುರುಳಿದೆ. ಸಿಲಿಂಡರ್ ಸೋರಿದರೆ ಖಾಲಿಯಾಗಿ ನಿಲ್ಲುತ್ತದೆ, ಪೈಪ್ ಯಾರಾದರೂ ವಾಲ್ವ್ ತಿರುಗಿಸುವ ತನಕ ನಿಲ್ಲುವುದಿಲ್ಲ. ಹಾಗಾಗಿ ಕನೆಕ್ಷನ್ ಕೊಡಲು ಬಂದವರನ್ನು ಸುಮ್ನೆ ಕಳಿಸಬೇಡಿ. ವಾಲ್ವ್ ಎಲ್ಲಿದೆ ಅಂತ ಮನೆಯಲ್ಲಿರುವ ಎಲ್ಲರಿಗೂ, ಅತ್ತೆಯವರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ತೋರಿಸಲು ಹೇಳಿ. ಹಿಡಿ ಪೈಪ್‌ನ ಉದ್ದಕ್ಕೇ ಇದ್ದರೆ ಗ್ಯಾಸ್ ಬರುತ್ತಿದೆ, ಪೈಪ್‌ಗೆ ಅಡ್ಡ ತಿರುಗಿದರೆ ಬಂದ್. ಅತ್ತೆಯವರ ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಲಿ, ಬಿಗಿ ಇದ್ದರೆ ಅಲ್ಲೇ ಸರಿ ಮಾಡಿಸಿಕೊಳ್ಳಿ. ಚಂದ ಕಾಣಲಿ ಅಂತ ಪೈಪನ್ನು ಗೋಡೆಯೊಳಗೆ ಹೂಳಿಸುವುದು, ಪ್ಲೈವುಡ್ ಪೆಟ್ಟಿಗೆಯಲ್ಲಿ ಮುಚ್ಚುವುದು ಬೇಡ. ಫಾಲ್ಸ್ ಸೀಲಿಂಗ್ ಮಾಡಿಸಿ ಮೇಲಿನ ಗಾಳಿಕಿಂಡಿ ಮುಚ್ಚಿದ್ದರೆ, ಹಗುರವಾದ ಗ್ಯಾಸ್ ಅಲ್ಲೇ ತುಂಬಿಕೊಳ್ಳುತ್ತದೆ, ಆಗ ಮೇಲೆ ಹೇಳಿದ ಲಾಭವೆಲ್ಲ ಹೋಯಿತು. ಸೊಳ್ಳೆಗೆ ಹೆದರಿ ಕಿಂಡಿ ಮುಚ್ಚುವವರು ನಮ್ಮಲ್ಲಿ ಬಹಳ. ಜಾಳಿಗೆ ಹಾಕಿಸಿ, ಮುಚ್ಚಬೇಡಿ.

ವಾಸನೆ ಬಂದರೆ ಮೊದಲು ವಾಲ್ವ್, ಆಮೇಲೆ ಬಾಗಿಲು ಕಿಟಕಿ, ಆಮೇಲೆ ಎಲ್ಲರೂ ಹೊರಗೆ. ದೇವರ ಮನೆಯಲ್ಲಿ ದೀಪ ಇದ್ದರೆ ಆರಿಸಿ. ಲೈಟ್ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ. ಫೋನ್ ಹೊರಗೆ ಬಂದು ಮಾಡಿ. ಸಿಲಿಂಡರ್ ಆದರೆ 1906, ಪೈಪ್ ಆದರೆ ಮೀಟರ್ ಮೇಲಿರುವ ನಂಬರ್.

ಪ್ರಶ್ನೆ: ಮೊದಲು ನೀರಿನ ಪೈಪ್‌ಗೆ ಅಗೆದರು, ಆಮೇಲೆ ಒಳಚರಂಡಿ, ಆಮೇಲೆ ಕೇಬಲ್, ಈಗ ಗ್ಯಾಸ್. ಹೊಸದಾಗಿ ಮುಚ್ಚಿದ ರಸ್ತೆಯನ್ನು ಇನ್ನೊಬ್ಬರು ಬಂದು ಜೆಸಿಬಿ ಹಾಕಿದರೆ ಗ್ಯಾಸ್ ಪೈಪ್ ಒಡೆಯುವುದಿಲ್ಲವೇ?
— ಓದುಗರು, ಹಳೇ ಹುಬ್ಬಳ್ಳಿ

ಒಡೆಯುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ಊರೊಳಗಿನ ಗ್ಯಾಸ್ ಪೈಪ್‌ಗೆ ದೊಡ್ಡ ವೈರಿ ಇನ್ನೊಂದು ಇಲಾಖೆಯ ಜೆಸಿಬಿ.

ತೆರೆದ ತಗ್ಗನ್ನು ಒಮ್ಮೆ ಹತ್ತಿರದಿಂದ ನೋಡಿ. ತಳದಲ್ಲಿ ಹಳದಿಯೋ ಕಿತ್ತಳೆಯೋ ಬಣ್ಣದ ಪ್ಲಾಸ್ಟಿಕ್ ಕೊಳವೆ. ಸುಮಾರು ಒಂದು ಮೀಟರ್ ಆಳದಲ್ಲಿ ಇರಬೇಕು. ಅದರ ಸುತ್ತ ಮೆತ್ತಗೆ ಮಣ್ಣೋ ಮರಳೋ, ಅದಕ್ಕೂ ಸ್ವಲ್ಪ ಮೇಲೆ ಎಚ್ಚರಿಕೆ ಬರೆದ ಪಟ್ಟಿ. ಮುಂದೆ ಯಾರಾದರೂ ಅಗೆದಾಗ ಗುದ್ದಲಿಗೆ ಮೊದಲು ಸಿಗಬೇಕಾದ್ದು ಈ ಪಟ್ಟಿ. ಆಳ ಕಡಿಮೆ ಇದ್ದರೆ, ಒಡೆದ ಕಲ್ಲು, ಕಾಂಕ್ರೀಟ್ ಚೂರನ್ನೇ ಕೊಳವೆ ಮೇಲೆ ತಳ್ಳುತ್ತಿದ್ದರೆ, ಪಟ್ಟಿ ಹಾಕದೆ ಮುಚ್ಚುತ್ತಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಕೋಲಿನಲ್ಲಿ ಆಳ ಅಳೆದು ಆ ಕೋಲು ಕಾಣುವಂತೆ ತೆಗೆದರೆ ಇನ್ನೂ ಒಳ್ಳೆಯದು. ಮುಚ್ಚಿದ ಮೇಲೆ ಯಾರೂ ನಿಮ್ಮ ಮಾತು ನಂಬುವುದಿಲ್ಲ.

ಒಡೆದ ಪೈಪ್‌ನಿಂದ ಬಂದ ಗ್ಯಾಸ್ ಯಾವಾಗಲೂ ಅಲ್ಲೇ ಮೇಲೆ ಬರುತ್ತದೆ ಅಂತಿಲ್ಲ. ಮೇಲೆ ಡಾಂಬರು, ಕಾಂಕ್ರೀಟ್ ಹಾಕಿ ಬಿಗಿ ಮಾಡಿದ್ದರೆ ಅದು ಪಕ್ಕದ ಗಟಾರ, ಒಳಚರಂಡಿ ಕೊಳವೆ, ಕೇಬಲ್ ಡಕ್ಟ್ ಹಿಡಿದು ಹೋಗಿ ಐದಾರು ಮನೆ ಆಚೆ ಬಚ್ಚಲಲ್ಲಿ ಏಳಬಹುದು. ಮಣ್ಣಿನಲ್ಲಿ ದೂರ ಹರಿದಾಗ ಅದಕ್ಕೆ ಸೇರಿಸಿದ ವಾಸನೆಯನ್ನು ಮಣ್ಣು ಹೀರಿಕೊಳ್ಳುವುದೂ ಉಂಟು. ಹಾಗಾಗಿ ಗ್ಯಾಸ್ ಕನೆಕ್ಷನ್ ತೆಗೆದುಕೊಳ್ಳದ ಮನೆಯವರೂ ಇದು ನಮಗೆ ಸಂಬಂಧ ಇಲ್ಲ ಅಂದುಕೊಳ್ಳಬಾರದು.

ಇನ್ನು ನಕ್ಷೆ. 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ ಅನ್ನುವ ಊರಲ್ಲಿ ಮನೆಗಳ ನಡುವಿನ ಪೈಪ್ ಸಿಡಿದು 8 ಜನ ಸತ್ತರು, 38 ಮನೆ ಸುಟ್ಟುಹೋದವು. 1956ರಲ್ಲಿ ಹೂತ ಪೈಪ್. ಕಂಪನಿಯ ಕಾಗದದಲ್ಲಿ ಅದು ಬೆಸುಗೆ ಇಲ್ಲದ ಕೊಳವೆ ಅಂತ ಇತ್ತು. ಅಗೆದು ನೋಡಿದರೆ ತುಂಡು ತುಂಡು ಬೆಸೆದದ್ದು, ಬೆಸುಗೆಯೂ ಕೆಟ್ಟದ್ದು. ಗ್ಯಾಸ್ ಬಂದ್ ಮಾಡಲು 95 ನಿಮಿಷ ಹಿಡಿಯಿತು. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಕಂಪನಿಗೇ ತನ್ನ ಪೈಪ್ ಎಂಥದ್ದು ಅಂತ ಗೊತ್ತಿರಲಿಲ್ಲ.

ನಮ್ಮ ಊರಲ್ಲಿ ನೀರಿನವರ ನಕ್ಷೆ ನೀರಿನವರ ಹತ್ತಿರ, ಕೇಬಲ್‌ನವರದ್ದು ಕೇಬಲ್‌ನವರ ಹತ್ತಿರ. ಒಂದೇ ಹಾಳೆಯಲ್ಲಿ ಎಲ್ಲವೂ ಇರಬೇಕು, ಆ ಹಾಳೆ ವಾರ್ಡ್ ಕಚೇರಿಯಲ್ಲಿ ಯಾರು ಬಂದು ಕೇಳಿದರೂ ಸಿಗಬೇಕು. ನನ್ನ ಒತ್ತಾಯ ಇಷ್ಟೇ, ಇದನ್ನು ಬಿಟ್ಟು ಉಳಿದ ಸುರಕ್ಷತೆಯ ಮಾತೆಲ್ಲ ಅರ್ಧ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಅಗೆಯುವವರು ಮೊದಲು ಅದರಲ್ಲಿ ಜಾಗ ಹಾಕಿದರೆ ಅಲ್ಲಿ ಪೈಪ್, ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತದೆ. ನಿಮ್ಮ ಓಣಿಗೆ ಜೆಸಿಬಿ ಬಂದಾಗ ಆಪರೇಟರ್ ಜೊತೆ ಜಗಳ ಆಡಬೇಡಿ, ಆ ಹುಡುಗನಿಗೆ ಎಲ್ಲಿ ಅಗೆಯಬೇಕು ಅಂತ ಹೇಳಿದ್ದಷ್ಟೇ ಗೊತ್ತು. ಮೇಲ್ವಿಚಾರಕರನ್ನು ಕರೆಸಿ, ರಸ್ತೆ ಅಗೆಯಲು ಪಾಲಿಕೆ ಕೊಟ್ಟ ಅನುಮತಿ ಪತ್ರ ಕೇಳಿ, ಗ್ಯಾಸ್‌ನವರಿಗೆ ತಿಳಿಸಿದ್ದೀರಾ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ ಖರ್ಚು. ಓಣಿಯ ಮೂರ್ನಾಲ್ಕು ಜನ ಸೇರಿ ಹಾಕಿದರೆ ಇನ್ನೂ ಬೇಗ ಕೆಲಸ ಆಗುತ್ತದೆ.

ಪ್ರಶ್ನೆ: ನನ್ನ ಆಟೊ ಸಿಎನ್‌ಜಿ. ಸೀಟಿನ ಹತ್ತಿರವೇ ಸಿಲಿಂಡರ್ ಇದೆ, ಬಿಸಿಲಿಗೆ ಸಿಡಿಯುತ್ತಾ?
— ಆಟೊ ಚಾಲಕರು, ಹುಬ್ಬಳ್ಳಿ

ಬಿಸಿಲಿಗೆ ಸಿಡಿಯುವುದಿಲ್ಲ. ಸುಮಾರು 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡ ತಡೆಯಲು ಅಂತಲೇ ಮಾಡಿದ ದಪ್ಪ ಗೋಡೆಯ ಸಿಲಿಂಡರ್ ಅದು. ಆದರೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ ಕಡ್ಡಾಯ. ಹಳೇ ಆಟೊ ಕೊಂಡಿದ್ದರೆ ಆ ಪರೀಕ್ಷೆಯ ತಗಡಿನ ಮೇಲಿನ ತಾರೀಕು ಇವತ್ತೇ ನೋಡಿ. ಗ್ಯಾಸ್ ತುಂಬಿಸುವಾಗ ಎಲ್ಲರನ್ನೂ ಇಳಿಸಿ, ಗಡಿಬಿಡಿ ಅಂತ ಶಾಲೆ ಮಕ್ಕಳನ್ನು ಕೂರಿಸಿಕೊಂಡೇ ತುಂಬಿಸಬೇಡಿ. ಗ್ಯಾರೇಜ್‌ನಲ್ಲಿ ಸಿಲಿಂಡರ್ ಹತ್ತಿರ ವೆಲ್ಡಿಂಗ್ ಮಾಡಿಸಬೇಡಿ.

ಪ್ರಶ್ನೆ: ಗ್ಯಾಸ್‌ಗೆ ವಾಸನೆ ಇಲ್ಲ, ಬೇಕಂತಲೇ ಸೇರಿಸುತ್ತಾರೆ ಅಂತಾರೆ. ನಿಜವಾ? ನಮ್ಮ ಅಪ್ಪನಿಗೆ ವಯಸ್ಸಾಗಿ ವಾಸನೆಯೇ ಗೊತ್ತಾಗುವುದಿಲ್ಲ, ಹಗಲು ಮನೆಯಲ್ಲಿ ಒಬ್ಬರೇ ಇರುತ್ತಾರೆ.
— ಓದುಗರು, ಬ್ಯಾಡಗಿ

ನಿಜ. 1937ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್ ಅನ್ನುವ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ವಾಸನೆ ಇಲ್ಲದ ಗ್ಯಾಸ್ ತುಂಬಿಕೊಂಡು ಸಿಡಿದು ಮುನ್ನೂರರ ಹತ್ತಿರ ಜನ, ಹೆಚ್ಚಿನವರು ಮಕ್ಕಳು, ಸತ್ತರು. ಆ ಮೇಲೆಯೇ ವಾಸನೆ ಸೇರಿಸುವುದು ಕಾನೂನಾಯಿತು. ಇವತ್ತು ಬಳಸುವುದು ಮರ್ಕ್ಯಾಪ್ಟನ್ ಜಾತಿಯ ರಾಸಾಯನಿಕ.

ನಿಮ್ಮ ತಂದೆಯವರಿಗೆ ಗ್ಯಾಸ್ ಅಲಾರಂ ಹಾಕಿಸಿ. ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಸಿಲಿಂಡರ್ ಮನೆಯಾದರೆ ನೆಲದಿಂದ ಗೇಣಿನಷ್ಟು ಮೇಲೆ, ಪೈಪ್ ಗ್ಯಾಸ್ ಮನೆಯಾದರೆ ಸೀಲಿಂಗ್‌ನಿಂದ ಗೇಣಿನಷ್ಟು ಕೆಳಗೆ. ಎಷ್ಟೋ ಮನೆಯಲ್ಲಿ ಪ್ಲಗ್ ಎಲ್ಲಿದೆಯೋ ಅಲ್ಲಿ ಹಾಕಿಬಿಡುತ್ತಾರೆ, ಆಗ ಅದು ಗೋಡೆಗೊಂದು ಅಲಂಕಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್‌ನಲ್ಲಿ ಮೂಗು ಸರಿ ಇದ್ದವರಿಗೂ ಬೇರೆ ವಾಸನೆ ಹತ್ತುವುದು ಕಷ್ಟ, ಹಾಗಾಗಿ ನಿಮ್ಮ ಊರಿನ ಉಳಿದ ಮನೆಗಳಿಗೂ ಇದು ಬೇಕಾದದ್ದೇ. ಸಿಲಿಂಡರ್‌ನ ರಬ್ಬರ್ ಕೊಳವೆ ಮೇಲೆ ವರ್ಷ ಅಚ್ಚಾಗಿರುತ್ತದೆ, 5 ವರ್ಷ ದಾಟಿದ್ದರೆ ಬದಲಿಸಿ. ಹಗಲು ಅವರು ಒಬ್ಬರೇ ಇರುವಾಗ ರೆಗ್ಯುಲೇಟರ್ ಬಂದ್ ಮಾಡಿ ಹೋಗಿ, ಚಹಾ ಫ್ಲಾಸ್ಕ್‌ನಲ್ಲಿ ಇಟ್ಟುಹೋದರಾಯಿತು.